ದಾದರ್ ಬಂದರೆ ಹೇಳು

ಮನೆಯಲ್ಲಿ "ಲೈಟ್ ಆಫ್ ಮಾಡು" ಎನ್ನುವಾಗ ಇಂಗ್ಲಿಷ್ ಮಾತಾಡುತ್ತಿದ್ದೇವೆ ಎಂದು ಯಾರಿಗೂ ಅನಿಸುವುದಿಲ್ಲ. ಇಂಗ್ಲಿಷಿನವರು ಅನ್ನುವುದು 'ಸ್ವಿಚ್ ಆಫ್' ಅಥವಾ 'ಟರ್ನ್ ಆಫ್'. ನಾವು 'ಸ್ವಿಚ್', 'ಟರ್ನ್' ಎರಡನ್ನೂ ಅಲ್ಲೇ ಬಿಟ್ಟು, ಬಾಲದ 'ಆಫ್' ಒಂದನ್ನೇ ಎತ್ತಿಕೊಂಡು ಬಂದು ನಮ್ಮ 'ಮಾಡು'ವಿಗೆ ಕಟ್ಟಿದೆವು. 'ಫ್ಯಾನ್ ಆನ್ ಮಾಡು', 'ಕೊಹ್ಲಿ ಔಟ್ ಆದ', ಪುಣೆಯಿಂದ ಮುಂಬೈಗೆ ದಿನಾ ಓಡಾಡುವವರ 'ಅಪ್‌ಡೌನ್ ಮಾಡ್ತೀನಿ' ಕೂಡ ಇದೇ ಬಗೆಯವು. ವ್ಯಾಕರಣ ಓದದ ಕಿವಿಯೂ ಅರ್ಥದ ಭಾರ ಎಲ್ಲಿದೆ ಎಂದು ಸರಿಯಾಗಿಯೇ ಹಿಡಿದಿದೆ. ಭಾರವಿರುವುದು ತಲೆಯ ಕ್ರಿಯಾಪದದಲ್ಲಲ್ಲ, 'ಆಫ್', 'ಆನ್', 'ಅಪ್' ಎಂಬ ಬಾಲದ ಕಿರುಪದದಲ್ಲಿ. ಹೀಗೆ ಕ್ರಿಯಾಪದಕ್ಕೆ ಕಿರುಪದ ಸೇರಿದ ಜೋಡಿಯೇ ಇಂಗ್ಲಿಷಿನ 'ಫ್ರೇಸಲ್ ವರ್ಬ್'.

ಇಂಗ್ಲಿಷ್ ಕೋಚಿಂಗ್ ಕ್ಲಾಸುಗಳು ಪಾಠ ಶುರುಮಾಡುವುದು ಮಾತ್ರ ಇದಕ್ಕೆ ತದ್ವಿರುದ್ಧವಾಗಿ. ಒಂದು ಹಾಳೆಯಲ್ಲಿ 'ಗಿವ್ ಅಪ್, ಗಿವ್ ಇನ್, ಗಿವ್ ಔಟ್, ಗಿವ್ ಅವೇ', ಇನ್ನೊಂದರಲ್ಲಿ 'ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು, ಲುಕ್ ಅಪ್'. ಒಂದೇ ಮುಖದ ನಾಲ್ವರನ್ನು ಒಂದೇ ದಿನ ಪರಿಚಯ ಮಾಡಿಸಿದರೆ ಮರುದಿನ ಯಾರ ಹೆಸರು ಯಾರದೆಂದು ನೆನಪಿರುತ್ತದೆಯೇ? ಒಂದರ ನೆನಪು ಇನ್ನೊಂದನ್ನು ಕೆಡಿಸುತ್ತದೆ. ಶನಿವಾರದ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆದವರು ಸೋಮವಾರ ಆಫೀಸಿನಲ್ಲಿ ಬಾಯಿ ಬಿಡದಿರುವುದು ದಡ್ಡತನದಿಂದಲ್ಲ.

ಈ ಫ್ರೇಸಲ್ ವರ್ಬ್‌ಗಳು ಪರಕೀಯರಿಗೆ ಕಷ್ಟ ಎಂಬುದು ಹಳೆಯ ಮಾತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟಿನ ಮುನ್ನುಡಿಯಲ್ಲೇ ಇದನ್ನು ಹೇಳಿಕೊಂಡಿದ್ದ. 'ಫ್ರೇಸಲ್ ವರ್ಬ್' ಎಂಬ ಹೆಸರು ಅಚ್ಚಿನಲ್ಲಿ ಬಳಕೆಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಅವರ ಬರಹದಿಂದ. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಎಂದು ಅವರೇ ಬರೆದಿದ್ದಾರೆ. ನಿಘಂಟುಗಳಲ್ಲಿ ಇವು ಸಾವಿರಗಟ್ಟಲೆ ಇವೆ, ನಿಜ. ಬಳಕೆಯ ಲೆಕ್ಕ ಬೇರೆ. 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಇಂಗ್ಲಿಷ್ ಬರಹ-ಮಾತುಗಳ ಸಂಗ್ರಹವನ್ನು 2007ರಲ್ಲಿ ಜರಡಿ ಹಿಡಿದ ಗಾರ್ಡ್‌ನರ್ ಮತ್ತು ಡೇವಿಸ್ ಕಂಡದ್ದು ಇದು: ಬರೀ 20 ಕ್ರಿಯಾಪದಗಳು 8 ಕಿರುಪದಗಳ ಜೊತೆ ಸೇರಿ ಒಟ್ಟು ಬಳಕೆಯ ಅರ್ಧಕ್ಕಿಂತ ಹೆಚ್ಚನ್ನು ತುಂಬುತ್ತವೆ. ತೊಡಕಿರುವುದು ಅರ್ಥಗಳಲ್ಲಿ. ಅತಿ ಹೆಚ್ಚು ಬಳಕೆಯ 100ಕ್ಕೆ ನಿಘಂಟಿನ ಪ್ರಕಾರ 559 ಅರ್ಥಗಳು. 2015ರಲ್ಲಿ ಗಾರ್ನಿಯರ್ ಮತ್ತು ಶ್ಮಿಟ್ ಹೆಚ್ಚು ಬಳಕೆಯ ಅರ್ಥಗಳನ್ನಷ್ಟೇ ಸೋಸಿ, 150 ಫ್ರೇಸಲ್ ವರ್ಬ್‌ಗಳು, ಅವುಗಳ 288 ಅರ್ಥಗಳು ಎಂಬ ಪಟ್ಟಿ ಕೊಟ್ಟರು. ದಿನಕ್ಕೆ ಮೂರು ಅರ್ಥ ಕಲಿತರೆ 96 ದಿನ. ಜೂನ್‌ನ ಮಳೆಗೆ ಶುರುಮಾಡಿದರೆ ಗಣಪತಿ ವಿಸರ್ಜನೆಯ ಹೊತ್ತಿಗೆ ಮುಗಿಯುವಂಥ ಕೆಲಸ.

ಆದರೆ ಅದನ್ನು ಕನ್ನಡದ ಬಾಗಿಲಿಂದ ಮಾಡಬೇಕು. ಏಕೆಂದರೆ ಇಂಥದೇ ಯಂತ್ರ ನಮ್ಮ ಮನೆಯಲ್ಲೂ ಇದೆ. 'ನೋಡು' ಅಂದರೆ ನೋಡು. 'ನೋಡಿಕೊ' ಅಂದರೆ? "ಮಗೂನ ಸ್ವಲ್ಪ ನೋಡಿಕೋ" ಎಂದಾಗ ಯಾರೂ ಮಗುವಿನ ಮುಖ ನೋಡುತ್ತ ಕೂರುವುದಿಲ್ಲ. 'ಲುಕ್'ಗೆ 'ಆಫ್ಟರ್' ಸೇರಿದಾಗ ಆಗುವುದೂ ಅದೇ. 'ಬಿಟ್ಟುಬಿಡು', 'ಬಿಟ್ಟುಕೊಡು', 'ಬಿಟ್ಟುಹೋಗು' ಇವನ್ನು ಕನ್ನಡ ಕಲಿಯಲು ಬಂದವರ ಕಣ್ಣಿಂದ ನೋಡಿ. 'ಗಿವ್ ಅಪ್', 'ಗಿವ್ ಇನ್'ಗಳಷ್ಟೇ ತಲೆನೋವು. 'ತಿಂದುಬಿಡು' ಅಂದರೆ ತಟ್ಟೆ ಖಾಲಿಯಾಗಬೇಕು, ಅದು 'ಈಟ್ ಅಪ್'. 'ಹರಿದುಹಾಕು' ಅಂದರೆ 'ಟೇರ್ ಅಪ್'. 'ಕೂಡಿಡು' 'ಸೇವ್ ಅಪ್', 'ಬರೆದಿಡು' 'ರೈಟ್ ಡೌನ್', 'ಓಡಿಹೋಗು' 'ರನ್ ಅವೇ', 'ಹೇಳುತ್ತಾ ಹೋಗು' 'ಗೋ ಆನ್'. ಇಂಗ್ಲಿಷ್ ಕಿರುಪದದಿಂದ ಮಾಡಿಸುವ ಕೆಲಸವನ್ನು ಕನ್ನಡ ಎರಡನೇ ಕ್ರಿಯಾಪದದಿಂದ ಮಾಡಿಸುತ್ತದೆ. ಬಿಡು, ಹಾಕು, ಇಡು, ಕೊಳ್ಳು, ಹೋಗು ಇವೇ ನಮ್ಮ ಅಪ್, ಡೌನ್, ಔಟ್, ಆಫ್. ಒಂದಕ್ಕೊಂದು ತೂಗಿಟ್ಟಂತೆ ಹೊಂದುವುದಿಲ್ಲ, ಆದರೆ 'ಮುಗಿಯುವ ತನಕ' ಎಂಬ ಅರ್ಥದ 'ಅಪ್' ಎದುರಾದಾಗಲೆಲ್ಲ 'ಬಿಡು' ಅಥವಾ 'ಹಾಕು' ಹಚ್ಚಿ ನೋಡಿದರೆ ಅರ್ಧ ಗಂಟು ಬಿಚ್ಚುತ್ತದೆ. ಕಿರುಪದದ ಮೂಲಚಿತ್ರವನ್ನು ವಿವರಿಸಿ ಕಲಿಸಿದರೆ ಪಟ್ಟಿ ಬಾಯಿಪಾಠಕ್ಕಿಂತ ಚೆನ್ನಾಗಿ ನೆನಪುಳಿಯುತ್ತದೆ ಎಂಬುದು 1996ರಲ್ಲಿ ಹಂಗೇರಿಯ ವಿದ್ಯಾರ್ಥಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ.

ಮರಾಠಿ ಪರಿಸರದಲ್ಲಿ ಇರುವವರಿಗೆ ಇನ್ನೊಂದು ಅನುಕೂಲ. 'ಕರೂನ್ ಟಾಕ್' ಎಂದರೆ ಮಾಡಿಹಾಕು, 'ಕರೂನ್ ಘೇ' ಎಂದರೆ ಮಾಡಿಕೋ. ಬೇರೆ ಬೇರೆ ಕುಲದ ಭಾಷೆಗಳು ಅಕ್ಕಪಕ್ಕ ಬದುಕಿ ಕೀಲುಗಳನ್ನೇ ಹಂಚಿಕೊಂಡಿವೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ವಾಕ್ಯಗಳು ಪದಕ್ಕೆ ಪದ ಹೊಂದುವಷ್ಟು ಹತ್ತಿರ ಬಂದಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದ್ದು ಭಾಷಾವಿಜ್ಞಾನದ ಪಠ್ಯಗಳಲ್ಲಿ ಇಂದಿಗೂ ಬರುತ್ತದೆ. ಇಂಗ್ಲಿಷ್ ಆ ಓಣಿಯದಲ್ಲ. ಅದರ ಕೀಲು ಬೇರೆ ಕಡೆ ಇದೆ.

ಎಲ್ಲಿದೆ ಎಂಬುದಕ್ಕೆ ಮುಂಬೈಯ ಲೋಕಲ್ ರೈಲನ್ನೇ ನೋಡಿ. ಹತ್ತು, ಇಳಿ, ಏರು, ದಾಟು, ಹೊಗು ಇವುಗಳಲ್ಲಿ ದಿಕ್ಕು ಕ್ರಿಯಾಪದದ ಹೊಟ್ಟೆಯೊಳಗೇ ಇದೆ. ಇಂಗ್ಲಿಷ್ ದಿಕ್ಕನ್ನು ಹೊರಗಿಡುತ್ತದೆ: ಗೆಟ್ ಆನ್, ಗೆಟ್ ಆಫ್, ಗೋ ಅಪ್, ಗೋ ಅಕ್ರಾಸ್. ಭಾಷೆಗಳ ಈ ಎರಡು ಪಂಗಡವನ್ನು ಗುರುತಿಸಿದವರು ಭಾಷಾವಿಜ್ಞಾನಿ ಲೆನಾರ್ಡ್ ಟಾಲ್ಮಿ. ನಮ್ಮ ಎರಡು ಖಾಯಂ ತಪ್ಪುಗಳು ಇಲ್ಲಿಂದಲೇ ಹುಟ್ಟುತ್ತವೆ. 'ಇಳಿ'ಯೊಳಗೆ 'ಕೆಳಗೆ' ಇರುವುದರಿಂದ "ಗೆಟ್ ಡೌನ್ ಅಟ್ ಕುರ್ಲಾ" ಅನ್ನುತ್ತೇವೆ. ಬೇಕಾದದ್ದು 'ಗೆಟ್ ಆಫ್'. 'ಎತ್ತು'ವಿನೊಳಗೆ 'ಮೇಲಕ್ಕೆ' ಇರುವುದರಿಂದ ಇನ್ನೊಂದು 'ಅಪ್' ಬೇಕೆನಿಸದೆ "ಹಿ ಡಿಡ್ ನಾಟ್ ಪಿಕ್ ಮೈ ಕಾಲ್" ಅನ್ನುತ್ತೇವೆ. ಬರೀ 'ಪಿಕ್' ಅಂದರೆ ಆರಿಸು. 'ಅಪ್' ಬಿದ್ದುಹೋದರೆ ಎತ್ತುವುದೇ ಬಿದ್ದುಹೋಯಿತು. ಒಳಗೆ ಎದ್ದುನಿಂತು ನಡೆಯಬಹುದಾದ ವಾಹನಕ್ಕೆ ಆನ್ ಮತ್ತು ಆಫ್: ರೈಲು, ಬಸ್ಸು, ಗೋವಾದ ಮಾಂಡವಿ ನದಿಯ ಮೇಲಿನ ಫೆರಿ ದೋಣಿ. ಬಗ್ಗಿ ಕೂರುವ ರಿಕ್ಷಾ, ಟ್ಯಾಕ್ಸಿಗೆ 'ಗೆಟ್ ಇನ್' ಮತ್ತು 'ಗೆಟ್ ಔಟ್ ಆಫ್'.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. "ಮೀಟಿಂಗ್ ಎರಡು ದಿನ ಮುಂದಕ್ಕೆ ಹೋಯ್ತು" ಎಂದರೆ ಕನ್ನಡದಲ್ಲಿ ತಡವಾಯಿತು. ಮರಾಠಿಯ 'ಪುಢೇ ಢಕಲ್ಲಿ' ಕೂಡ ಹಾಗೇ. ಅದನ್ನೇ ಇಂಗ್ಲಿಷಿಗೆ ಹೊತ್ತು 'ಬ್ರಾಟ್ ಫಾರ್ವರ್ಡ್' ಎಂದು ಬರೆದರೆ ಮೀಟಿಂಗ್ ಬೇಗ ಆಗುತ್ತದೆ ಎಂದಾಯಿತು! ತಡವಾಗುವುದಕ್ಕೆ ಇಂಗ್ಲಿಷಿನಲ್ಲಿ 'ಪುಟ್ ಆಫ್' ಅಥವಾ 'ಪುಶ್ ಬ್ಯಾಕ್'. ನಮ್ಮ 'ಮುಂದೆ' ಅವರಿಗೆ 'ಬ್ಯಾಕ್'. 'ಮೂವ್ ಫಾರ್ವರ್ಡ್' ಎಂದರೆ ಅವರಲ್ಲೇ ಜಗಳ. ಬುಧವಾರದ ಸಭೆ ಎರಡು ದಿನ 'ಫಾರ್ವರ್ಡ್' ಹೋದರೆ ಯಾವ ದಿನ ಎಂದು ಕೇಳಿದರೆ ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ. ಬೊರೊಡಿಟ್ಸ್ಕಿ ಮತ್ತು ರಾಮ್‌ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ರೈಲು ಪ್ರಯಾಣಿಕರಿಗೂ ಕೇಳಿದ್ದರು. ಆಗಷ್ಟೇ ಹತ್ತಿದವರು, ಇನ್ನೇನು ಇಳಿಯುವವರು ಶುಕ್ರವಾರ ಎನ್ನುವುದು ಹೆಚ್ಚಿತ್ತು. ಆದ್ದರಿಂದ ಈಮೇಲ್‌ನಲ್ಲಿ ಕಿರುಪದವನ್ನು ನಂಬದೆ ತಾರೀಖು ಬರೆಯುವುದು ಕ್ಷೇಮ.

ಹೀಗೆ ಎಡವುವ ಭಯಕ್ಕೆ ಕಲಿಯುವವರು ಫ್ರೇಸಲ್ ವರ್ಬ್ ಬಿಟ್ಟು ಲ್ಯಾಟಿನ್ ಮೂಲದ ಒಂಟಿ ಪದ ಹಿಡಿಯುತ್ತಾರೆ. 'ಪುಟ್ ಅಪ್ ವಿತ್' ಬದಲು 'ಟಾಲರೇಟ್', 'ಪುಟ್ ಔಟ್' ಬದಲು 'ಎಕ್ಸ್‌ಟಿಂಗ್ವಿಶ್'. ಹೀಬ್ರೂ ಭಾಷಿಕರಲ್ಲಿ ಈ ನುಣುಚಿಕೊಳ್ಳುವಿಕೆಯನ್ನು ಡ್ಯಾಗಟ್ ಮತ್ತು ಲಾಫರ್ 1985ರಲ್ಲಿ ದಾಖಲಿಸಿದರು. ಅರ್ಜಿಯಲ್ಲಿ ಇದು ನಡೆಯುತ್ತದೆ. ಚಹಾ ಕುಡಿಯುತ್ತ ಹಾಗೆ ಮಾತಾಡಿದರೆ ಸರ್ಕಾರಿ ನೋಟಿಸ್ ಓದಿದಂತಿರುತ್ತದೆ.

ಜೋಡಣೆಯ ನಿಯಮ ಎರಡೇ ಮಾತು. ಸರ್ವನಾಮ ಬಂದರೆ ಅದು ನಡುವೆ ಕೂರುತ್ತದೆ: 'ಟರ್ನ್ ಇಟ್ ಆಫ್', 'ಪಿಕ್ ಮಿ ಅಪ್'. 'ಲುಕ್ ಆಫ್ಟರ್ ಹರ್' ಥರದವು ಒಡೆಯುವುದಿಲ್ಲ. ಯಾವುದು ಯಾವ ಜಾತಿ ಎಂದು ಕಿವಿಯಿಂದ ಪತ್ತೆಮಾಡಬಹುದು. ಒಡೆಯುವ ಜಾತಿಯಲ್ಲಿ ಸಾಮಾನ್ಯವಾಗಿ ಒತ್ತು ಕಿರುಪದದ ಮೇಲೆ ಬೀಳುತ್ತದೆ. 'ಲುಕ್ ಅಟ್ ಇಟ್'ನಲ್ಲಿ 'ಅಟ್' ಕೇಳಿಸಿಯೂ ಕೇಳಿಸದಂತೆ ಜಾರುತ್ತದೆ, 'ಲುಕ್ ಇಟ್ ಅಪ್'ನಲ್ಲಿ 'ಅಪ್' ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲ ಪದಕ್ಕೂ ಸಮವಾಗಿ ಒತ್ತು ಹಂಚುವುದು ನಮ್ಮ ಅಭ್ಯಾಸವಾದ್ದರಿಂದ ಈ ಸುಳಿವು ನಮಗೆ ತಪ್ಪಿಹೋಗುತ್ತದೆ. ಹಾಗಾಗಿ ಟಿಪ್ಪಣಿ ಪುಸ್ತಕದಲ್ಲಿ ಬರೀ ಪದ ಬೇಡ. ಸರ್ವನಾಮ ಇರುವ ಒಂದು ಪೂರ್ತಿ ವಾಕ್ಯ ಬರೆದು, ಒತ್ತು ಬೀಳುವ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದ ಜೋಡಿ ಕ್ರಿಯಾಪದ ಬರೆಯಿರಿ. ಒಂದೇ ಕ್ರಿಯಾಪದದ ಎರಡನ್ನು ಒಂದೇ ದಿನ ಸೇರಿಸಬೇಡಿ. ಮಾರನೇ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಕನ್ನಡ ಕಡೆ ನೋಡಿ ಇಂಗ್ಲಿಷ್ ಕಡೆ ಹೇಳಿ. ಕಲಿತದ್ದು ಮೊದಲ ದಿನಗಳಲ್ಲೇ ಹೆಚ್ಚು ಸೋರುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಬೋರಿವಲಿಯಿಂದ ಚರ್ಚ್‌ಗೇಟ್‌ಗೆ ಸ್ಲೋ ಲೋಕಲ್‌ನಲ್ಲಿ ಒಂದು ಗಂಟೆ ಹತ್ತಿರ ಸಿಗುತ್ತದೆ, ಇದಕ್ಕೆ ಹತ್ತು ನಿಮಿಷ ಸಾಕು. ಕೂರಲು ಜಾಗ ಸಿಗದಿದ್ದರೂ ನಡೆಯುತ್ತದೆ.

ಇನ್ನು ವಾಕ್ಯಗಳನ್ನು ಜೋಡಿಸುವ ಕೊಂಡಿಪದಗಳು. "ಮಳೆ ಬಂದು ರೈಲು ನಿಂತು ಆಫೀಸಿಗೆ ತಡವಾಯಿತು." ಇಲ್ಲಿ ಕೊಂಡಿ ಎಲ್ಲಿ? 'ಬಂದು', 'ನಿಂತು' ಎಂಬ ಕ್ರಿಯಾಪದಗಳ ತುದಿಯಲ್ಲಿ. ಅದು ಬರೀ ಒಂದರ ನಂತರ ಒಂದು ಎಂದೋ, ಒಂದರಿಂದ ಒಂದು ಎಂದೋ ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ 'ಆ್ಯಂಡ್', 'ಸೋ', 'ಬಿಕಾಸ್' ಇವುಗಳಲ್ಲಿ ಒಂದನ್ನು ಆರಿಸಿ ಉಪವಾಕ್ಯದ ತಲೆಯ ಮೇಲೆ ಇಡಬೇಕು. ನಮ್ಮ ಕೊಂಡಿ ಬಾಲದಲ್ಲಿ, ಅವರದು ತಲೆಯಲ್ಲಿ. ಫ್ರೇಸಲ್ ವರ್ಬ್‌ನಲ್ಲಿ ಅವರ ಭಾರ ಬಾಲದಲ್ಲಿತ್ತು, ಇಲ್ಲಿ ತಲೆಗೆ ಬಂತು ಎಂದು ಸಿಟ್ಟು ಬಂದರೆ ತಪ್ಪಿಲ್ಲ.

ಈಗ ದಾದರ್ ಸ್ಟೇಷನ್‌ನಲ್ಲಿ ಇಳಿಯಬೇಕಾದ ಒಬ್ಬರು ಲೋಕಲ್‌ನಲ್ಲಿ ಗೆಳೆಯನಿಗೆ ಹೇಳುತ್ತಾರೆ: "ದಾದರ್ ಬಂದ್ರೆ ಹೇಳು." ಕನ್ನಡದಲ್ಲಿ ಇದರಲ್ಲಿ ಅನುಮಾನವೇ ಇಲ್ಲ, ದಾದರ್ ಬಂದೇ ಬರುತ್ತದೆ. ಅದನ್ನೇ "ಟೆಲ್ ಮಿ ಇಫ್ ದಾದರ್ ಕಮ್ಸ್" ಎಂದರೆ ಇವತ್ತು ದಾದರ್ ಬರದಿದ್ದರೂ ಬರದಿರಬಹುದು ಎಂಬ ಧ್ವನಿ. '-ದರೆ' ಪ್ರತ್ಯಯ 'ಇಫ್', 'ವೆನ್' ಎರಡನ್ನೂ ಹೊರುತ್ತದೆ. ಖಚಿತವಾಗಿ ನಡೆಯುವುದಾದರೆ 'ವೆನ್' ಹಾಕಬೇಕು. '-ದರೂ' ಇದರ ಅಣ್ಣ. "ಮಳೆ ಬಂದರೂ ರೈಲು ಓಡಿತು" ಎಂದಾಗ ಮಳೆ ಬಂದೇ ಇತ್ತು: 'ಈವನ್ ದೋ'. "ಮಳೆ ಬಂದರೂ ರೈಲು ಓಡುತ್ತದೆ" ಎಂದಾಗ ಬರಬಹುದು, ಬಾರದಿರಬಹುದು: 'ಈವನ್ ಇಫ್'. ಕನ್ನಡದಲ್ಲಿ ಪ್ರತ್ಯಯ ಒಂದೇ, ತೀರ್ಮಾನ ಕೊನೆಯ ಕ್ರಿಯಾಪದದ ಕಾಲ ಮತ್ತು ಸಂದರ್ಭದ್ದು. ಅನುವಾದಿಸುವ ಮುನ್ನ ವಾಕ್ಯದ ಕೊನೆಗೆ ಹೋಗಿ ನೋಡಿ ಬಂದರೆ ಸಾಮಾನ್ಯವಾಗಿ ತಪ್ಪುವುದಿಲ್ಲ.

ಜೋಡಿ ಕೊಂಡಿ ಇನ್ನೊಂದು ಕಾಯಿಲೆ. "ಆಲ್ದೋ ಇಟ್ ರೇನ್ಡ್, ಬಟ್ ದಿ ಟ್ರೇನ್ ರ‍್ಯಾನ್" ಎಂದು ಬರೆಯುವಾಗ ತಲೆಯಲ್ಲಿ ಓಡುತ್ತಿರುವುದು 'ಬಂದರೂ... ಆದರೂ', ಇಲ್ಲವೇ ಮರಾಠಿಯ 'ಜರೀ... ತರೀ'. ಮರಾಠಿಗೆ ಜೋಡಿ ಬೇಕು. ಇಂಗ್ಲಿಷ್‌ಗೆ ಇಲ್ಲಿ ಒಂದು ಗೂಟ ಸಾಕು. 'ಬಿಕಾಸ್... ಸೋ' ಕೂಡ ಹಾಗೇ. 'ಇಫ್... ದೆನ್' ಮಾತ್ರ ನಡೆಯುತ್ತದೆ, ಅದಕ್ಕೇ ಉಳಿದವೂ ನಡೆಯುತ್ತವೆ ಅನಿಸುವುದು. ಬರೆದಾದ ಮೇಲೆ ಪ್ರತಿ ವಾಕ್ಯದಲ್ಲಿ ಕೊಂಡಿ ಎಣಿಸಿ. ಎರಡು ಉಪವಾಕ್ಯಕ್ಕೆ ಎರಡು ಕೊಂಡಿ ಇದ್ದರೆ ಒಂದನ್ನು ಹೊಡೆದುಹಾಕಿ.

'ಹೌಎವರ್' ಅನ್ನು 'ಬಟ್'ನ ಕೋಟು ಹಾಕಿದ ರೂಪ ಎಂದುಕೊಳ್ಳುವುದರಿಂದ ಅಲ್ಪವಿರಾಮ ಕೆಡುತ್ತದೆ. 'ಬಟ್' ತನ್ನ ಜಾಗ ಬಿಟ್ಟು ಕದಲುವುದಿಲ್ಲ, 'ಹೌಎವರ್' ವಾಕ್ಯದ ನಡುವಿಗೂ ಕೊನೆಗೂ ಓಡಾಡುತ್ತದೆ. ಓಡಾಡುವ ಪದಕ್ಕೆ ಎರಡು ವಾಕ್ಯ ಹಿಡಿದಿಡುವ ಬಲವಿಲ್ಲ, ಆದ್ದರಿಂದ ಎರಡನೇ ವಾಕ್ಯ ಅದರಿಂದ ಶುರುವಾದರೆ ಅದಕ್ಕೂ ಮೊದಲು ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. 'ಆನ್ ದಿ ಅದರ್ ಹ್ಯಾಂಡ್' ಇನ್ನೊಂದು ಮಗ್ಗುಲು ತೋರಿಸುತ್ತದೆ: ಮುಂಬೈಯಲ್ಲಿ ಸೆಕೆ, ಪುಣೆಯಲ್ಲಿ ಚಳಿ. 'ಆನ್ ದಿ ಕಾಂಟ್ರರಿ' ಹಿಂದಿನ ಮಾತನ್ನೇ ಅಲ್ಲಗಳೆಯುತ್ತದೆ: ಗೋವಾದಲ್ಲಿ ಕನ್ನಡ ಕೇಳಿಸುವುದಿಲ್ಲ ಅಂತೀರಾ? ಇಲ್ಲ, ವಾಸ್ಕೋ ಕಡೆ ಹೋಗಿ ನೋಡಿ. 'ಮೋರ್‌ಓವರ್' ಬಗ್ಗೆ ಹೇಳುವುದಾದರೆ, ಪುಟಕ್ಕೆ ಒಂದೂ ಹೆಚ್ಚು.

ಕೊನೆಯದೊಂದು ತಪ್ಪು ನಾವು ಮುಂಬೈ, ಪುಣೆಯಂಥ ಊರುಗಳಲ್ಲಿ ಹಿಂದಿಯಿಂದ ಸಾಲ ತಂದದ್ದು. "ಟಿಲ್ ಹಿ ಡಸಂಟ್ ಕಮ್, ವಿ ವಿಲ್ ವೇಟ್." ಹಿಂದಿಯ 'ಜಬ್ ತಕ್ ನಹೀ ಆತಾ'ದಲ್ಲಿ 'ನಹೀ' ಇದೆ, ಅದಕ್ಕೇ ಈ 'ಡಸಂಟ್'. ಇಂಗ್ಲಿಷಿನ 'ಟಿಲ್'ಗೆ ನಿಷೇಧ ಬೇಡ, 'ಟಿಲ್ ಹಿ ಕಮ್ಸ್' ಸಾಕು. ಕನ್ನಡದಲ್ಲಿ ಯೋಚಿಸಿದ್ದರೆ ಇದು ಆಗುತ್ತಲೇ ಇರಲಿಲ್ಲ. ನಾವು ಅನ್ನುವುದೂ 'ಅವನು ಬರುವ ತನಕ' ಎಂದೇ.