ಮಡಚುವ ಚಾಕು: ಅಲಗನ್ನು ಹಿಡಿದಿಡುವುದು ಯಾವುದು?

ಕೊಡಗಿನ ಪೀಚೆಕತ್ತಿಗೆ ಮಡಚುವ ಕೀಲು ಇಲ್ಲ. ಅಲಗು ಹಿಡಿಯಲ್ಲಿ ಗಟ್ಟಿಯಾಗಿ ಕೂತಿದೆ, ಮೇಲೆ ಒರೆ ಇದೆ, ಮುಗಿಯಿತು. ಜೇಬಿಗೆ ಹೋಗುವ ಚಾಕು ಹಾಗಲ್ಲ: ಬೇಕೆಂದಾಗ ಮಡಚಬೇಕು, ಕೆಲಸದ ನಡುವೆ ಮಡಚಿಕೊಳ್ಳಬಾರದು. ಅಪರೂಪದ ವಿನ್ಯಾಸ ಕೈಗೆ ಬಂದರೆ ಹಿಡಿಯ ಚಿತ್ತಾರ ಬಿಟ್ಟು ಮೊದಲು ಕೀಲು ನೋಡಿ.

ಜಪಾನಿನ ಮಿಕಿ ಊರಿನ ಹಿಗೊನೊಕಾಮಿಯಲ್ಲಿ ಸ್ಪ್ರಿಂಗೂ ಇಲ್ಲ, ಲಾಕೂ ಇಲ್ಲ. ಮಡಿಸಿದ ತಗಡೇ ಹಿಡಿ, ಒಂದೇ ರಿವಿಟ್. ಅಲಗಿನ ಬುಡದಿಂದ ಹೊರಗೆ ಚಾಚಿದ ಬಾಲವನ್ನು ಹೆಬ್ಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಅದು ತೆರೆದಿರುತ್ತದೆ. ಹಾಗಾಗಿ ತುದಿಯಿಂದ ಚುಚ್ಚುವ ಕೆಲಸಕ್ಕೆ ಬೇಡ. ಕೀಲು ಸಡಿಲವಾದರೆ ರಿವಿಟ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ಒಂದೆರಡು ಹಗುರ ಪೆಟ್ಟು ಸಾಕು; ಪ್ರತಿ ಪೆಟ್ಟಿಗೂ ಅಲಗನ್ನು ಆಡಿಸಿ ನೋಡಿ.

ಫಿಲಿಪ್ಪೀನ್ಸಿನ ಬಲಿಸಾಂಗ್‌ನಲ್ಲಿ ಅಲಗಿನ ಬುಡದ ಸುತ್ತ ತಿರುಗುವ ಎರಡು ಹಿಡಿಗಳು ಸೇರಿ ತಾವೇ ಲಾಕ್ ಆಗುತ್ತವೆ. ಮುಚ್ಚಿದಾಗ ಅಲಗಿನ ಬಾಯಿ ಯಾವ ಹಿಡಿಯೊಳಗೆ ಇರುತ್ತದೋ ಅದನ್ನು ಹಿಡಿದು ಬೀಸಿದರೆ ಪೆಟ್ಟು ಬೆರಳಿಗೆ. ತೋಟದ ಕೆಲಸಕ್ಕೆ ಇದು ಬರೀ ಆಟಿಕೆ.

ಫ್ರಾನ್ಸಿನ ಸವೊಯ್ ಸೀಮೆಯ ಒಪಿನೆಲ್ ಬಗ್ಗೆ ಸ್ವಲ್ಪ ಹೆಚ್ಚು ತಿಳಿದಿರಬೇಕು. 1890ರಲ್ಲಿ ಶುರುವಾದದ್ದು, ಅಲಗಿನ ಬುಡದಲ್ಲಿ ತಿರುಗುವ ಲಾಕಿನ ಬಳೆ ಬಂದದ್ದು 1955ರಲ್ಲಿ. ಬಳೆಯಲ್ಲೊಂದು ಸೀಳು. ಆ ಸೀಳು ಅಲಗು ಮಡಚಿ ಕೂರುವ ಹಿಡಿಯ ತೋಡಿಗೆ ನೇರವಾಗಿದ್ದರೆ ಅಲಗು ಆಡುತ್ತದೆ, ತಿರುಗಿಸಿದರೆ ದಾರಿ ಮುಚ್ಚುತ್ತದೆ. ಅಷ್ಟೇ ಯಂತ್ರ.

ತೊಂದರೆ ನಮ್ಮ ಮಳೆಗಾಲದ್ದು. ಬೀಚ್ ಮರದ ಹಿಡಿ ತೇವ ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಉಗುರಲ್ಲಿ ಎಳೆದಾಡಬೇಡಿ. ಬಳೆಯ ಸೀಳನ್ನು ತೋಡಿಗೆ ಸರಿಯಾಗಿ ತಂದು, ಹಿಡಿಯ ಹಿಂತುದಿಯನ್ನು ಮೇಜಿಗೆ ಟಕ್ ಎಂದು ಕುಟ್ಟಿ. ಅಲಗಿನ ತುದಿ ಮೇಲೇಳುತ್ತದೆ, ಎರಡು ಪಕ್ಕದಿಂದ ಹಿಡಿದು ತೆರೆಯಿರಿ. ಆಮೇಲೆ ತೆರೆದಿಟ್ಟೇ ನೆರಳಲ್ಲಿ ಒಣಗಿಸಿ. ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಮರ ಬಿರಿಯುತ್ತದೆ. ಒಣಗಿದ ಮೇಲೆ ತೋಡಿನೊಳಗೆ ಅಗಸೆ ಎಣ್ಣೆ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ. ತೆಂಗಿನೆಣ್ಣೆ ಅಲಗಿಗೆ ಸರಿ, ಮರದೊಳಗೆ ಅದು ಗಟ್ಟಿಯಾಗುವುದಿಲ್ಲ. ಇಷ್ಟಾದರೂ ಬಿಗಿಯೆಂದರೆ ಹಳೆಯ ಎಟಿಎಂ ಕಾರ್ಡಿಗೆ 240ರ ಉಜ್ಜುಕಾಗದ ಸುತ್ತಿ ನಾಲ್ಕೈದು ಸಲ ಎಳೆಯಿರಿ, ಹೆಚ್ಚು ಬೇಡ. ಜುಲೈನಲ್ಲಿ ಧಾರಾಳವಾಗಿ ಉಜ್ಜಿದವರ ಚಾಕು ಮಾರ್ಚಿನಲ್ಲಿ ಲೊಡಲೊಡ ಅನ್ನುತ್ತದೆ.

ಕಾರ್ಬನ್ ಉಕ್ಕಿನ ಅಲಗಿನಲ್ಲಿ ಕಿತ್ತಳೆ ಕೊಯ್ದರೆ ಬೂದು-ನೀಲಿ ಬಣ್ಣ ಏರುತ್ತದೆ. ಅದು ತುಕ್ಕಲ್ಲ, ತಿಕ್ಕಿ ತೆಗೆಯಬೇಡಿ. ಕೆಂಪು ಪುಡಿ ಕಂಡರೆ ಮಾತ್ರ ಒರೆಸಿ ಎಣ್ಣೆ ಹಚ್ಚಿ.

ಕೊನೆಗೆ ಕಸಿಚಾಕು. ಇದರ ವಿಶೇಷ ಕೀಲಿನಲ್ಲಲ್ಲ, ಬಾಯಲ್ಲಿದೆ: ಒಂದೇ ಬದಿಗೆ ಇಳಿಜಾರು, ಇನ್ನೊಂದು ಬದಿ ಸಪಾಟು. ಬುಡದ ಗಿಡದ ಕಾಂಡ ಸೀಳಿ ಕುಡಿ ಕೂರಿಸುವ ಸೀಳುಕಸಿಗೆ ಮೆಣಸಿನ ಬಳ್ಳಿಯ ಕುಡಿಯನ್ನು ಬೆಣೆಯ ಹಾಗೆ ಕೆತ್ತುವಾಗ ಸಪಾಟು ಬದಿ ಬಳ್ಳಿಗೆ ಆತುಕೊಂಡು ನೇರವಾಗಿ ಜಾರುತ್ತದೆ. ಕೊಯ್ದ ಮುಖ ಅಲೆಅಲೆಯಾಗಿದ್ದರೆ ಎರಡು ತೊಗಟೆ ಒಂದಕ್ಕೊಂದು ಕೂರುವುದಿಲ್ಲ, ನಡುವೆ ಗಾಳಿ ಉಳಿದು ಕುಡಿ ಒಣಗುತ್ತದೆ. ಅಡುಗೆಮನೆ ಚಾಕುವಿನಂತೆ ಎರಡೂ ಬದಿ ಸಾಣೆ ಹಿಡಿದು ಇದನ್ನು ಕೆಡಿಸುವವರೇ ಹೆಚ್ಚು. ಇಳಿಜಾರಿನ ಬದಿಯನ್ನಷ್ಟೇ ಮಸೆಯಿರಿ. ಸಪಾಟು ಬದಿಯನ್ನು ಕಲ್ಲಿಗೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದರೆ ಮಸೆದಾಗ ಅಂಚಿನಲ್ಲಿ ಏಳುವ ಸಿವುರು ಹೋಗುತ್ತದೆ. ಎಡಗೈಯವರು ಇಳಿಜಾರು ಉಲ್ಟಾ ಇರುವುದನ್ನೇ ಕೇಳಿ ತರಬೇಕು, ಬಲಗೈ ಚಾಕು ಅವರ ಕೈಯಲ್ಲಿ ಬಳ್ಳಿಯೊಳಕ್ಕೆ ಅಗೆದುಕೊಂಡು ಹೋಗುತ್ತದೆ.