ಹೊತ್ತಗೆ ಬೇರೆ, ಪುಸ್ತಕ ಬೇರೆ

ಲ್ಯಾಟಿನ್‌ನಿಂದ ಕವಲೊಡೆದಂತೆ ಕಾಣುವ ಹೊಸ ಭಾಷೆ ಕಟ್ಟುವವರಿದ್ದಾರೆ. ನ್ಯೂಜಿಲೆಂಡಿನ ಆಂಡ್ರ್ಯೂ ಸ್ಮಿತ್ 1996ರಲ್ಲಿ ಬ್ರಿಥೆನಿಗ್ ಶುರು ಮಾಡಿದರು. ಬ್ರಿಟನ್ನಿನಲ್ಲಿ ಲ್ಯಾಟಿನ್ ಉಳಿದು, ವೇಲ್ಸ್ ನಾಡಿನ ನುಡಿ ವೆಲ್ಶ್ ಸವೆದ ಹಾಗೇ ಅದರ ಉಚ್ಚಾರವೂ ಸವೆದಿದ್ದರೆ ಹೇಗಿರುತ್ತಿತ್ತು? ಆ ಊಹೆಯೇ ಬ್ರಿಥೆನಿಗ್. 2002ರಲ್ಲಿ ಬಂದ ವೆನೆಡಿಕ್ ಇದೇ ಕೆಲಸವನ್ನು ಪೋಲಿಷ್ ದಾರಿಯಲ್ಲಿ ಮಾಡಿತು.

ನಾನು ಭಾಷಾವಿಜ್ಞಾನ ಕಲಿಸುತ್ತೇನೆ. ಒಬ್ಬ ಹುಡುಗ ಇಂಥದ್ದೇ ಮೂರು ಭಾಷೆ ಕಟ್ಟಿಕೊಂಡು ಬಂದಿದ್ದ. ನಿಯಮಗಳು ಅಚ್ಚುಕಟ್ಟಾಗಿದ್ದವು. ದೊಡ್ಡ ಭಾಷೆಯಲ್ಲಿ ಪದದ ಮೊದಲಿನ ಪಕಾರವೆಲ್ಲ ಹಕಾರ. ಲ್ಯಾಟಿನ್‌ನ ಪಾನಿಸ್, ಅಂದರೆ ರೊಟ್ಟಿ, ಅಲ್ಲಿ ಹಾನೆ. ಆದರೆ ಆ ಭಾಷೆಗೇ ಅವನು ಇಟ್ಟ ಹೆಸರು ಪಲುದಾನೊ. ಲ್ಯಾಟಿನ್‌ನಲ್ಲಿ ಪಲೂಸ್ ಅಂದರೆ ಜೌಗು ನೆಲ. ಜೌಗಿನವರ ನುಡಿ ಎಂಬ ಅರ್ಥ ಚೆನ್ನಾಗಿತ್ತು.

‘ರೊಟ್ಟಿ ಹಾನೆ ಆದ ಊರಲ್ಲಿ ಇದೊಂದು ಪ ಹೇಗಪ್ಪ ಉಳೀತು?’ ಅಂದೆ.

‘ಅದು ಹೆಸರು ಅಲ್ವಾ ಸರ್, ಬದಲಾಗಲ್ಲ ಅಂದ್ಕೊಂಡೆ.’

ಕನ್ನಡದ ‘ಹೆಸರು’ ಎಂಬ ಪದವೇ ಹಿಂದೆ ‘ಪೆಸರ್’ ಆಗಿತ್ತು ಎಂದು ಬೋರ್ಡಿನ ಮೇಲೆ ಬರೆದೆ. ಅವನು ತಕ್ಷಣ ಪಲುದಾನೊ ಹೊಡೆದುಹಾಕಿ ‘ಹಲುದಾನ್’ ಎಂದು ಬರೆದ.

ಹಾಗಾದರೆ ಮೂರಕ್ಕೂ ಸೇರಿ ಕುಟುಂಬದ ಹೆಸರು? ಹಲುದಾನ್ ಎಂದೇ ಇಟ್ಟರೆ ಉಳಿದ ಎರಡು ಅದರ ಮಕ್ಕಳಂತೆ ಕಾಣುತ್ತವೆ. ಅವು ಅಕ್ಕತಂಗಿಯರು. ಇಲ್ಲಿ ನಮ್ಮದೇ ಜೋಡಿಯೊಂದು ದಾರಿ ತೋರಿಸುತ್ತದೆ. ಸಂಸ್ಕೃತದ ‘ಪುಸ್ತಕ’ ಜನರ ಬಾಯಲ್ಲಿ ಸವೆದು ‘ಹೊತ್ತಗೆ’ ಆಯಿತು. ಓದಿದವರು ‘ಪುಸ್ತಕ’ವನ್ನೇ ಮತ್ತೆ ಇದ್ದ ಹಾಗೇ ತಂದುಕೊಂಡರು. ಮಾತಾಡುವವರು ತಮ್ಮ ನುಡಿಗೆ ಇಡುವ ಹೆಸರು ಹೊತ್ತಗೆಯಂತೆ ಸವೆದಿರಬೇಕು. ಕುಟುಂಬಕ್ಕೆ ಹೆಸರಿಡುವವರು ವಿದ್ವಾಂಸರು, ಅದು ಪುಸ್ತಕದಂತೆ ಇರಬಹುದು. ಅಲ್ಲಿ ಆ ‘ಪ’ ಉಳಿದರೆ ತಪ್ಪೇನಿಲ್ಲ.

ಲ್ಯಾಟಿನ್‌ನಿಂದ ಹುಟ್ಟಿದ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಮುಂತಾದ ಭಾಷೆಗಳ ಕುಟುಂಬಕ್ಕೆ ‘ರೋಮಾನ್ಸ್’ ಎಂದು ಹೆಸರು. ಅದರ ಮೂಲ ‘ರೋಮಾನಿಕೆ’, ಅಂದರೆ ರೋಮನ್ನರ ಹಾಗೆ. ಸ್ವಿಟ್ಜರ್ಲೆಂಡಿನ ರೊಮಾನ್ಶ್ ಭಾಷೆಯ ಹೆಸರೂ ಅಲ್ಲಿಂದಲೇ ಸವೆದು ಬಂದದ್ದು. ಒಳಗಿನ ಕವಲುಗಳಿಗೆ ವಿದ್ವಾಂಸರು ಜಾಗದ ಹೆಸರು ಸೇರಿಸಿ ಐಬೆರೊ-ರೋಮಾನ್ಸ್ (ಸ್ಪೇನ್, ಪೋರ್ಚುಗಲ್ ಕಡೆಯದು), ಗ್ಯಾಲೊ-ರೋಮಾನ್ಸ್ (ಫ್ರಾನ್ಸ್ ಕಡೆಯದು) ಅಂದರು. ಹುಡುಗನೂ ‘ಪಲುಡೊ-ರೋಮಾನ್ಸ್’ ಎಂದು ಬರೆದ. ನನಗೆ ಒಪ್ಪಿಗೆಯಾಯಿತು.

ಇನ್ನೊಂದು ಪ್ರಶ್ನೆ ಕೊಟ್ಟು ಕಳಿಸಿದೆ: ಪಕ್ಕದ ಊರಿನವರು ಇವರ ಭಾಷೆಗೆ ಏನನ್ನುತ್ತಾರೆ? ‘ವೆಲ್ಶ್’ ಎಂಬುದು ಇಂಗ್ಲಿಷರು ಕೊಟ್ಟ ಹೆಸರು, ಅದರ ಹಳೆಯ ಅರ್ಥ ಹೊರಗಿನವರು. ವೆಲ್ಶರು ತಮ್ಮ ನುಡಿಗೆ ‘ಕಮ್ರೈಗ್’ ಅನ್ನುತ್ತಾರೆ. ಮುಂದಿನ ವಾರ ಅವನು ಬಂದಾಗ ಹಾಳೆಯಲ್ಲಿ ನಾಲ್ಕನೆಯ ಭಾಷೆಯೊಂದು ಸೇರಿತ್ತು. ಅದು ಜೌಗಿನ ಪಕ್ಕದ ಗುಡ್ಡದವರದು.