ಸವಿತಾ ನಡುಗಿದ್ದು ಚಳಿಗಲ್ಲ

2012ರ ಅಕ್ಟೋಬರ್ 24, ಬೆಳಗಿನ ಜಾವ ನಾಲ್ಕೂಕಾಲು. ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಗಡಗಡ ನಡುಗುತ್ತಿದ್ದರು. ಹಲ್ಲು ಕಟಕಟ ಅನ್ನುತ್ತಿತ್ತು. ಕೋಣೆ ತಣ್ಣಗಿದೆ, ಅದಕ್ಕೇ ಚಳಿ ಅಂದುಕೊಂಡು ಹೊದಿಕೆ ತಂದು ಹೊದಿಸಿದರು, ಪ್ಯಾರಾಸಿಟಮಾಲ್ ಕೊಟ್ಟರು. ಆರೂವರೆಗೆ ನೋಡಿದರೆ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 160. ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ದಂತವೈದ್ಯೆ, ವಯಸ್ಸು ಬರೀ 31, ಹದಿನೇಳು ವಾರದ ಬಸುರಿ.

ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ ಭ್ರೂಣದ ಎದೆಬಡಿತ ಇದೆ ಅನ್ನುವ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ. ಆ ಸಿಟ್ಟು ಆರಲಿಲ್ಲ. 2018ರ ಮೇ 25ರ ಜನಮತದಲ್ಲಿ ಐರ್ಲೆಂಡಿನ ಜನ ಗರ್ಭಪಾತಕ್ಕೆ ಅವಕಾಶ ಸಿಗಲಿ ಅಂತ ತಮ್ಮ ಸಂವಿಧಾನವನ್ನೇ ತಿದ್ದಿದರು. ಇದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಸವಿತಾ ಜೀವ ತೆಗೆದ ಸೆಪ್ಸಿಸ್ ಬಗ್ಗೆ ಮಾತ್ರ ನಾವು ಅಷ್ಟಾಗಿ ಮಾತಾಡಲೇ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರಿನ ಸಂಗತಿ.

‘ಗಾಯ ನಂಜಾಯ್ತು’, ‘ಸೆಪ್ಟಿಕ್ ಆಯ್ತು’ ಅಂತೀವಿ ಅಲ್ವಾ? ಸೆಪ್ಸಿಸ್ ಅದಕ್ಕಿಂತ ದೊಡ್ಡದು. ಸೋಂಕಿನ ವಿರುದ್ಧ ಹೋರಾಡುವ ಮೈ, ದಾರಿ ತಪ್ಪಿ ತನ್ನದೇ ಕಿಡ್ನಿ, ಶ್ವಾಸಕೋಶ, ಹೃದಯವನ್ನು ಕೆಡಿಸುತ್ತದೆ. ಕಣ್ಣಿಗೆ ಕಾಣುವ ಗಾಯ ಇರಲೇಬೇಕು ಅಂತಿಲ್ಲ. ನ್ಯುಮೋನಿಯಾದಿಂದಲೂ ಬರಬಹುದು, ಉರಿಮೂತ್ರದಿಂದಲೂ ಬರಬಹುದು.

ಬಾಣಂತಿಯರ ನಂಜು ಹಳೆಯ ಶತ್ರು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಡಾಕ್ಟರುಗಳು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಎಂದ. ಸಾವು ಸರ್ರನೆ ಇಳಿಯಿತು. ಆದರೂ ದೊಡ್ಡ ಡಾಕ್ಟರುಗಳು ಅವನ ಮಾತು ಒಪ್ಪಲಿಲ್ಲ. ಮುಂದೆ ಆಂಟಿಬಯೋಟಿಕ್ ಬಂತು. ಆದರೂ ಒಂದು ದೊಡ್ಡ ತೊಡಕು ಉಳಿಯಿತು, ಹೊತ್ತಿಗೆ ಸರಿಯಾಗಿ ಗುರುತಿಸುವುದು.

ಗಾಲ್ವೇಯಲ್ಲಿ ತಪ್ಪಿದ್ದೂ ಅಲ್ಲೇ. ಸವಿತಾ ದಾಖಲಾದ ದಿನವೇ ತೆಗೆದ ರಕ್ತದಲ್ಲಿ ಬಿಳಿ ರಕ್ತಕಣ ಜಾಸ್ತಿ ಇತ್ತು, ಅದು ಸೋಂಕಿನ ಸುಳಿವಾಗಿರಬಹುದು. ಅದರ ಬೆನ್ನು ಹತ್ತಿ ಯಾರೂ ಹೋಗಲಿಲ್ಲ. ಐರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರಲ್ಲಿ ಎಣಿಸಿದ ಹಾಗೆ, ಕೈ ತಪ್ಪಿದ ಅವಕಾಶಗಳು 13. ಒಂದಲ್ಲ, ಎರಡಲ್ಲ.

2014ರ ನವೆಂಬರಿನಲ್ಲಿ ಆ ದೇಶ ಸೆಪ್ಸಿಸ್‌ಗೆಂದೇ ರಾಷ್ಟ್ರೀಯ ಮಾರ್ಗಸೂಚಿ ತಂದಿತು. ಅನುಮಾನ ಬಂದ ಒಂದು ಗಂಟೆಯೊಳಗೆ ಆರು ಕೆಲಸ ಆಗಬೇಕು ಅಂದಿತು. ಯಾವ ರೋಗಾಣು ಅಂತ ಪತ್ತೆ ಹಚ್ಚಲು ರಕ್ತ ಕಲ್ಚರ್‌ಗೆ ಕಳಿಸಬೇಕು, ಮೈಗೆ ಆಮ್ಲಜನಕ ಸಾಲದಿದ್ದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ನೋಡಬೇಕು, ಮೂತ್ರ ಎಷ್ಟು ಹೋಗುತ್ತಿದೆ ಅಂತ ಅಳೆಯಬೇಕು. ಬೇಕಿದ್ದರೆ ಆಮ್ಲಜನಕ, ಡ್ರಿಪ್, ಜೊತೆಗೆ ಆಂಟಿಬಯೋಟಿಕ್ ಶುರು ಮಾಡಬೇಕು. ಇದರಲ್ಲಿ ದುಬಾರಿ ಯಂತ್ರದ ಮಾತೇ ಹೆಚ್ಚಿಲ್ಲ, ನೋಡಿ.

ನ್ಯೂಯಾರ್ಕಿನಲ್ಲೂ ಅದೇ 2012ರಲ್ಲಿ ರೋರಿ ಸ್ಟಾಂಟನ್ ಎಂಬ 12ರ ಹುಡುಗ ಆಟವಾಡುವಾಗ ತರಚಿದ ಗಾಯದಿಂದ ಸೆಪ್ಸಿಸ್ ಆಗಿ ತೀರಿಕೊಂಡ. ಮರುವರ್ಷ ಅಲ್ಲಿ ಆಸ್ಪತ್ರೆಗಳು ಸೆಪ್ಸಿಸ್ ಬೇಗ ಗುರುತಿಸಬೇಕು ಅಂತ ನಿಯಮ ಬಂತು. 2017ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯೂ ಸೆಪ್ಸಿಸ್ ಬಗ್ಗೆ ನಿರ್ಣಯ ಮಾಡಿತು. ಆ ಒಂದೇ ವರ್ಷ ಜಗತ್ತಿನಲ್ಲಿ ಸೆಪ್ಸಿಸ್‌ನಿಂದ ಸತ್ತವರು 1.1 ಕೋಟಿ ಎಂಬ ಅಂದಾಜಿದೆ. ಅದರಲ್ಲಿ ಭಾರತದ ಪಾಲು ಸುಮಾರು 29 ಲಕ್ಷ.

ನಮ್ಮ ಮನೆಗಳಲ್ಲಿ ಚಳಿಜ್ವರ ಅಂದರೆ ಕಂಬಳಿ, ಒಂದು ಮಾತ್ರೆ, ‘ಬೆಳಗ್ಗೆ ನೋಡೋಣ’. ಆದರೆ ಜ್ವರದ ಜೊತೆ ಏದುಸಿರು, ತಡವರಿಸುವ ಮಾತು, ನಿಂತೇ ಹೋದ ಮೂತ್ರ, ತಣ್ಣಗಾದ ಕೈಕಾಲು, ತಡೆಯಲಾಗದ ನಡುಕ ಕಂಡರೆ ಬೆಳಗ್ಗೆವರೆಗೆ ಕಾಯಬೇಡಿ. ಬಾಣಂತಿ, ಕೂಸು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದ್ದರಂತೂ ತಕ್ಷಣ ಹೊರಡಿ. ಡಾಕ್ಟರ ಹತ್ತಿರ ಸಂಕೋಚ ಬಿಟ್ಟು ಕೇಳಿ: ‘ಸರ್, ಇದು ಸೆಪ್ಸಿಸ್ ಇರಬಹುದಾ?’